ಸಿಟ್ಟು ಕಂಪನಿಯ ಮೇಲೆ, ಜಗಳ ಗಗನಸಖಿಯ ಜೊತೆ

2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ದೆಹಲಿಗೆ ಬರುತ್ತಿದ್ದ ಇಂಡಿಗೊ ವಿಮಾನದಲ್ಲಿ ಊಟದ ವಿಚಾರಕ್ಕೆ ಜಗಳ ಹತ್ತಿತು. ಪ್ರಯಾಣಿಕರೊಬ್ಬರು ಗಗನಸಖಿಯ ಮೇಲೆ ಕೂಗಾಡಿದರು. ಆಗ ಸಿಬ್ಬಂದಿಯಲ್ಲಿ ಹಿರಿಯರಾದವರು ಮುಂದೆ ಬಂದು, ನಿಮ್ಮಿಂದಾಗಿ ನಮ್ಮ ಹುಡುಗಿ ಅಳುತ್ತಿದ್ದಾಳೆ, ನಾನು ಇಲ್ಲಿ ಉದ್ಯೋಗಿಯೇ ಹೊರತು ನಿಮ್ಮ ಆಳಲ್ಲ ಎಂಬ ಅರ್ಥದ ಮಾತಾಡಿದರು. ಪಕ್ಕದಲ್ಲಿದ್ದವರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದರು. ಮುಂದಿನ ಮೂರ್ನಾಲ್ಕು ದಿನ ದೇಶವೆಲ್ಲ ಆ ವಿಡಿಯೊ ನೋಡಿ ಎರಡು ಪಾಲಾಯಿತು. ಆಗ ಜೆಟ್ ಏರ್‌ವೇಸ್‌ನ ಮುಖ್ಯಸ್ಥರಾಗಿದ್ದ ಸಂಜೀವ್ ಕಪೂರ್, ತಮ್ಮ ಕಂಪನಿಯವರಲ್ಲದಿದ್ದರೂ ಗಗನಸಖಿಯ ಪರ ನಿಂತರು. ದುಡ್ಡು ಕೊಟ್ಟವನಿಗೆ ಬೇಕಾದ ಊಟ ಕೇಳುವ ಹಕ್ಕಿಲ್ಲವೇ ಎಂದವರೂ ಇದ್ದರು.

ಆ ಗದ್ದಲದಲ್ಲಿ ಯಾರೂ ಅಷ್ಟಾಗಿ ಗಮನಿಸದೆ ಹೋದದ್ದು ಇಂಡಿಗೊ ಕೊಟ್ಟ ವಿವರಣೆ. ಕೋಡ್‌ಶೇರ್ ಸಂಪರ್ಕದ ಮೂಲಕ ಬಂದ ಕೆಲವು ಪ್ರಯಾಣಿಕರು ಆರಿಸಿಕೊಂಡಿದ್ದ ಊಟಕ್ಕೆ ಸಂಬಂಧಿಸಿದ ಸಮಸ್ಯೆ ಇದು ಎಂದು ಕಂಪನಿ ಹೇಳಿತು. ಕೋಡ್‌ಶೇರ್ ಎಂದರೆ ಒಂದು ಕಂಪನಿ ಟಿಕೆಟ್ ಮಾರುತ್ತದೆ, ಇನ್ನೊಂದು ಕಂಪನಿ ಹಾರಿಸುತ್ತದೆ. ಯಾರಿಗೆ ಯಾವ ಊಟ ಎಂಬ ಪಟ್ಟಿ ಮೂವತ್ತು ಸಾವಿರ ಅಡಿ ಎತ್ತರದಲ್ಲಿ ತಯಾರಾಗುವುದಿಲ್ಲ. ಅದು ನೆಲದ ಮೇಲಿನ ಯಾವುದೋ ಎರಡು ಕಚೇರಿಗಳ ಕಂಪ್ಯೂಟರುಗಳ ನಡುವಿನ ವ್ಯವಹಾರ. ಆ ಕಚೇರಿಗಳಲ್ಲಿ ಕೂತವರಾರೂ ವಿಮಾನದಲ್ಲಿರಲಿಲ್ಲ. ಟ್ರಾಲಿ ಹಿಡಿದು ನಿಂತಿದ್ದವರು ಮಾತ್ರ ಇದ್ದರು.

ವಿಮಾನದ ಜಗಳಗಳ ಸುದ್ದಿ ಓದಿದಾಗಲೆಲ್ಲ ನನಗೆ ಕಾಣುವುದು ಹೆಚ್ಚುಕಮ್ಮಿ ಇದೇ. ಕುಡಿದು ರಂಪ ಮಾಡುವವರದು ಬೇರೆ ಜಾತಿ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಉಳಿದ ಬಹುಪಾಲು ಜಗಳಗಳಲ್ಲಿ ಸಿಟ್ಟು ಬರಿಸಿದ ತೀರ್ಮಾನ ಎಲ್ಲೋ ಆಗಿರುತ್ತದೆ, ಅದನ್ನು ಹೇಳಬೇಕಾದ ಬಾಯಿ ಮಾತ್ರ ವಿಮಾನದೊಳಗೆ ಇರುತ್ತದೆ. ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್‌ನದೂ ಇದೇ ಪಾಡು. ಟಿಕೆಟ್ ದರ ಏರಿಸಿದ್ದು ವಿಧಾನಸೌಧ, ಬೈಸಿಕೊಳ್ಳುವುದು ಅವನು. ಆದರೆ ಅವನಿಗೊಂದು ಅನುಕೂಲವಿದೆ. ಜಗಳ ಮಿತಿಮೀರಿದರೆ ಸೀಟಿ ಊದಿ ಇಳಿಸಬಹುದು, ಇಲ್ಲವೇ ಬಸ್ಸನ್ನು ನೇರವಾಗಿ ಪೊಲೀಸ್ ಠಾಣೆಯ ಮುಂದೆ ತಂದು ನಿಲ್ಲಿಸಬಹುದು. ಗಗನಸಖಿಗೆ ಆ ದಾರಿಯಿಲ್ಲ. ಬೈದವನಿಗೇ ಅರ್ಧ ಗಂಟೆಯ ಮೇಲೆ ನೀರು ಕೊಡಬೇಕು.

ಇಷ್ಟಾದರೂ ಆಕೆ ವಿಮಾನದಲ್ಲಿರುವುದು ನೀರು ಕೊಡುವುದಕ್ಕಲ್ಲ. ಹೆಂಗಸರ ಪಾಲಿಗೆ ಈ ಉದ್ಯೋಗ ಹುಟ್ಟಿದ್ದೇ ನರ್ಸ್‌ಗಳಿಂದ. 1930ರ ಮೇ ತಿಂಗಳಲ್ಲಿ ಅಮೆರಿಕದ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ವಿಮಾನದಲ್ಲಿ ಎಲೆನ್ ಚರ್ಚ್ ಎಂಬ ನರ್ಸ್ ಕೆಲಸಕ್ಕೆ ಹತ್ತಿದರು. ಅವರಿಗೆ ವಿಮಾನ ಹಾರಿಸಲು ಬರುತ್ತಿತ್ತು, ಆದರೆ ಹೆಣ್ಣನ್ನು ಪೈಲಟ್ ಮಾಡುವ ಕಾಲ ಅದಾಗಿರಲಿಲ್ಲ. ಹಾರುವುದಕ್ಕೆ ಹೆದರುವ ಜನರಿಗೆ ಜೊತೆಯಲ್ಲಿ ನರ್ಸ್ ಇದ್ದರೆ ಧೈರ್ಯ ಬರುತ್ತದೆ ಎಂದು ಕಂಪನಿಯನ್ನು ಒಪ್ಪಿಸಿದ್ದು ಅವರೇ. ಅವರ ಜೊತೆ ಸೇರಿದ ಇತರರೂ ನರ್ಸ್‌ಗಳೇ. ಮದುವೆಯಾಗಿರಬಾರದು, ತೂಕ ಇಷ್ಟೇ ಇರಬೇಕು ಎಂಬ ಷರತ್ತುಗಳೂ ಆಗಲೇ ಹುಟ್ಟಿಕೊಂಡವು. ಮುಂದೆ ನರ್ಸ್ ತರಬೇತಿಯ ಷರತ್ತು ಬಿದ್ದುಹೋಯಿತು, ಮೈಕಟ್ಟಿನ ಷರತ್ತು ಉಳಿಯಿತು. ಕಂಪನಿಗಳ ಜಾಹೀರಾತುಗಳಲ್ಲಿ ಆಸನಕ್ಕಿಂತ ಹೆಚ್ಚಾಗಿ ಗಗನಸಖಿಯ ನಗು ಮಾರಾಟವಾಯಿತು.

ನಮ್ಮಲ್ಲೂ ಬೇರೆಯಾಗಿರಲಿಲ್ಲ. ಏರ್ ಇಂಡಿಯಾದ ನಿಯಮದ ಪ್ರಕಾರ ಗಗನಸಖಿ 35 ವರ್ಷಕ್ಕೆ ನಿವೃತ್ತಿಯಾಗಬೇಕಿತ್ತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಸಲ ಬಸುರಾದರೆ ಅದಕ್ಕೂ ಮೊದಲೇ ಕೆಲಸ ಹೋಗುತ್ತಿತ್ತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಬಸುರಿನ ನಿಯಮವನ್ನು ಕಟುವಾದ ಮಾತುಗಳಲ್ಲಿ ಹೊಡೆದುಹಾಕಿತು. ನಾಲ್ಕು ವರ್ಷದ ಮದುವೆಯ ನಿರ್ಬಂಧವನ್ನು ಮಾತ್ರ ಸರಿಯೆಂದೇ ಉಳಿಸಿತು. ಹೀಗೆ ದಶಕಗಟ್ಟಲೆ ಕಂಪನಿಗಳೇ ಪ್ರಯಾಣಿಕರಿಗೆ ಕಲಿಸಿದ ಪಾಠವೆಂದರೆ ಈಕೆ ನಿಮ್ಮ ಉಪಚಾರಕ್ಕಿರುವ ಚೆಲುವೆ ಎಂಬುದು. ಆ ಪಾಠವನ್ನು ಚೆನ್ನಾಗಿ ಕಲಿತ ಪ್ರಯಾಣಿಕನೇ ಇವತ್ತು ಆಕೆ ಎದುರು ಮಾತಾಡಿದಾಗ ಬೆಚ್ಚಿಬೀಳುವುದು.

ಕಾನೂನು ಮಾತ್ರ ಆಕೆಯನ್ನು ನೋಡುವುದೇ ಬೇರೆ ರೀತಿ. ಭಾರತದಲ್ಲಿ ಪ್ರತಿ 50 ಸೀಟುಗಳಿಗೆ ಒಬ್ಬರಂತೆ ಕ್ಯಾಬಿನ್ ಸಿಬ್ಬಂದಿ ಇರಲೇಬೇಕು. 186 ಸೀಟಿನ ಏರ್‌ಬಸ್ ಎ320ಯಲ್ಲಿ ನಾಲ್ವರು ಕಾಣುವುದು ಅದಕ್ಕೇ. ಸಮೋಸ ಹಂಚಲು ಎಷ್ಟು ಜನ ಬೇಕು ಎಂಬ ಲೆಕ್ಕದಿಂದ ಬಂದ ಸಂಖ್ಯೆಯಲ್ಲ ಇದು. ದೊಡ್ಡ ವಿಮಾನವೊಂದಕ್ಕೆ ಪರವಾನಗಿ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಬಹುದೆಂದು ತೋರಿಸಿಕೊಡಬೇಕು. ಆ ಕೆಲಸಕ್ಕೆ ಬೇಕಾದ ಕೈಗಳಿವು; ಬಿಡುವಿದ್ದಾಗ ಸಮೋಸವನ್ನೂ ಹಂಚುತ್ತವೆ.

2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದಲ್ಲಿ 379 ಮಂದಿ ಇದ್ದರು. ಎಂಟು ತುರ್ತು ಬಾಗಿಲುಗಳಲ್ಲಿ ಮೂರು ಮಾತ್ರ ಬಳಸುವ ಸ್ಥಿತಿಯಲ್ಲಿದ್ದವು, ಮೈಕು ಕೆಟ್ಟಿತ್ತು. ಸಿಬ್ಬಂದಿ ಕೈ ಧ್ವನಿವರ್ಧಕ ಹಿಡಿದು, ಉಳಿದದ್ದನ್ನು ಬರಿಯ ಗಂಟಲಿನಿಂದ ಕೂಗಿ ಎಲ್ಲರನ್ನೂ ಹೊರದಾಟಿಸಿದರು. ವಿಮಾನ ಸುಟ್ಟು ಬೂದಿಯಾಯಿತು, ಅದರಲ್ಲಿದ್ದ ಒಬ್ಬರೂ ಸಾಯಲಿಲ್ಲ. ಬ್ಯಾಗ್ ಬಿಟ್ಟು ಬನ್ನಿ ಎಂದಾಗ ಜನ ಬಿಟ್ಟು ಬಂದರು ಎಂಬುದನ್ನು ಅಂದು ಎಲ್ಲರೂ ಹೊಗಳಿದರು. ನಮ್ಮಲ್ಲಿ ವಿಮಾನದ ಚಕ್ರ ನೆಲ ಮುಟ್ಟುತ್ತಿದ್ದಂತೆ ಎದ್ದು ನಿಂತು ಮೇಲಿನ ಗೂಡಿಗೆ ಕೈಹಾಕುವವರನ್ನು ನೋಡಿದವರಿಗೆ ಆ ಹೊಗಳಿಕೆಯ ತೂಕ ಗೊತ್ತಾಗುತ್ತದೆ.

ಜಗಳಕ್ಕೆ ಕಾರಣವಾಗುವ ಸಣ್ಣಪುಟ್ಟ ಅಪ್ಪಣೆಗಳೆಲ್ಲ ಈ 90 ಸೆಕೆಂಡುಗಳ ಲೆಕ್ಕಕ್ಕೇ ಸೇರಿದವು. ಸೀಟು ನೆಟ್ಟಗೆ ಮಾಡಿ ಎನ್ನುವುದು ಹಿಂದಿನ ಸಾಲಿನವರು ಎದ್ದು ಓಡುವ ದಾರಿಗೆ ಅಡ್ಡವಾಗದಿರಲಿ ಎಂದು. ಕಿಟಕಿಯ ಪರದೆ ಎತ್ತಿ ಎನ್ನುವುದು ಹೊರಗೆ ಬೆಂಕಿಯಿದ್ದರೆ ಕಾಣಲಿ, ಕಣ್ಣು ಹೊರಗಿನ ಬೆಳಕಿಗೆ ಹೊಂದಿಕೊಂಡಿರಲಿ ಎಂದು. ಕಾಲ ಬಳಿಯ ಬ್ಯಾಗ್ ಒಳಗೆ ತಳ್ಳಿ ಎನ್ನುವುದು ಯಾರೂ ಮುಗ್ಗರಿಸದಿರಲಿ ಎಂದು. ಇತ್ತೀಚೆಗೆ ಪವರ್‌ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡಬೇಡಿ ಎಂಬ ಮಾತೂ ಸೇರಿಕೊಂಡಿದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಏರ್ ಬುಸಾನ್ ಕಂಪನಿಯ ವಿಮಾನವೊಂದು ನಿಲ್ದಾಣದಲ್ಲೇ ಹೊತ್ತಿ ಉರಿಯಿತು. ಪವರ್‌ಬ್ಯಾಂಕ್ ಒಂದರಿಂದ ಬೆಂಕಿ ಹುಟ್ಟಿರಬೇಕೆಂಬುದು ತನಿಖೆಯ ನಿಲುವು. ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಹತ್ತು ನಿಮಿಷದ ಹಿಂದೆ ವೆಜ್ ಬೇಕೋ ನಾನ್‌ವೆಜ್ ಬೇಕೋ ಎಂದು ನಯವಾಗಿ ಕೇಳಿದ ಅದೇ ಮುಖ ಈಗ ಲ್ಯಾಪ್‌ಟಾಪ್ ಮುಚ್ಚಿ ಎಂದು ಆಜ್ಞೆ ಮಾಡುತ್ತದೆ. ನಯವಾಗಿ ಕೇಳಿದ್ದು ಕಂಪನಿಯ ಪರವಾಗಿ, ಆಜ್ಞೆ ಮಾಡಿದ್ದು ಕಾನೂನಿನ ಪರವಾಗಿ. ಸಮವಸ್ತ್ರ ಒಂದೇ ಆದ್ದರಿಂದ ಯಾವುದು ಯಾವುದೆಂದು ಕೂತವನಿಗೆ ತಿಳಿಯುವುದಿಲ್ಲ.

ಇದರ ಮೇಲೆ ಮೂರನೆಯ ಕೆಲಸವೂ ಬಂದು ಕೂತದ್ದು ಅಗ್ಗದ ವಿಮಾನಗಳ ಕಾಲದಲ್ಲಿ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದಾಗ ಟಿಕೆಟ್ ದರ ಇಳಿಸಲು ಕಂಡುಕೊಂಡ ದಾರಿಗಳಲ್ಲಿ ಒಂದು ಬಿಟ್ಟಿ ಊಟ ನಿಲ್ಲಿಸುವುದು. ಅದು ದೊಡ್ಡ ಉಪಕಾರ ಎಂದೇ ನಾನು ಭಾವಿಸುತ್ತೇನೆ. ರೈಲಿನ ಎಸಿ ಬೋಗಿಯ ಆಸೆಯನ್ನೂ ಇಟ್ಟುಕೊಳ್ಳದಿದ್ದ ಎಷ್ಟೋ ಮನೆಗಳವರು ಆಕಾಶ ನೋಡಿದ್ದು ಆ ಲೆಕ್ಕಾಚಾರದಿಂದ. ಆದರೆ ಅಂದಿನಿಂದ ಗಗನಸಖಿ ಅಂಗಡಿಯವಳೂ ಆದಳು. ಸ್ಯಾಂಡ್‌ವಿಚ್‌ಗೆ ಇಷ್ಟು, ಕಾಲು ಚಾಚುವ ಸೀಟಿಗೆ ಇಷ್ಟು, ಬ್ಯಾಗಿನ ತೂಕ ಹೆಚ್ಚಾದರೆ ಇಷ್ಟು ಎಂದು ದರ ನಿಗದಿ ಮಾಡುವವರು ಬೇರೆ. ಖಾಲಿಯಿರುವ ಮುಂದಿನ ಸೀಟಿಗೆ ಹೋಗಿ ಕೂತ ಹಿರಿಯರನ್ನು, ಅದಕ್ಕೆ ಬೇರೆ ದುಡ್ಡಾಗುತ್ತದೆ ಎಂದು ಎಬ್ಬಿಸಬೇಕಾದವಳು ಈಕೆ.

ಕಾದು ಕಾದು ಸಾಕಾದವರ ಸಿಟ್ಟೂ ಹೀಗೇ ಬಂದು ಈಕೆಯ ಮೇಲೆ ಬೀಳುತ್ತದೆ. 2024ರ ಜನವರಿ ಮಧ್ಯದಲ್ಲಿ ದೆಹಲಿಗೆ ದಟ್ಟ ಮಂಜು ಕವಿದಿತ್ತು. ಗೋವಾಕ್ಕೆ ಹೊರಡಬೇಕಿದ್ದ ಇಂಡಿಗೊ ವಿಮಾನ ಗಂಟೆಗಟ್ಟಲೆ ತಡವಾಗಿತ್ತು. ಇನ್ನೂ ತಡವಾಗುತ್ತದೆ ಎಂದು ಪೈಲಟ್ ಒಬ್ಬರು ಪ್ರಕಟಿಸುತ್ತಿದ್ದಾಗ ಹಿಂದಿನಿಂದ ಪ್ರಯಾಣಿಕನೊಬ್ಬ ಓಡಿಬಂದು ಹೊಡೆದ. ಪೈಲಟ್‌ಗೂ ಗಗನಸಖಿಗೂ ದಿನಕ್ಕೆ ಇಷ್ಟೇ ಗಂಟೆ ಕೆಲಸ ಎಂಬ ಮಿತಿಯಿದೆ, ದಣಿದವರು ಹಾರಿಸಬಾರದೆಂದು. ಮಂಜಿನಲ್ಲಿ ಕಾಯುತ್ತ ಕೂತವರ ಗಂಟೆ ಅಲ್ಲಿಯೇ ಮುಗಿದುಹೋಗುತ್ತದೆ, ಬದಲಿ ಜನ ಬರಬೇಕು, ಅವರು ಬರುವಷ್ಟರಲ್ಲಿ ಮತ್ತಷ್ಟು ತಡ. ಮಂಜಿಗೆ ಯಾರೂ ಹೊಣೆಯಲ್ಲ. ಮಂಜಿನ ತಿಂಗಳಿಗೆ ಬೇಕಾದಷ್ಟು ಬದಲಿ ಸಿಬ್ಬಂದಿ ಇಟ್ಟುಕೊಳ್ಳುವುದಕ್ಕೆ, ಕೂತವರಿಗೆ ನಿಜ ಹೇಳುವುದಕ್ಕೆ ಕಂಪನಿ ಹೊಣೆ. ಅದೇ ದಿನಗಳಲ್ಲಿ ಮುಂಬೈಗೆ ತಿರುಗಿಸಿದ ಇನ್ನೊಂದು ವಿಮಾನದ ಪ್ರಯಾಣಿಕರು ಇಳಿದು, ವಿಮಾನ ನಿಲ್ಲುವ ಜಾಗದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ ವಿಡಿಯೊ ಹರಿದಾಡಿತು. ಆ ಪ್ರಕರಣದಲ್ಲಿ ಇಂಡಿಗೊಗೆ 1.20 ಕೋಟಿ ರೂಪಾಯಿ ದಂಡ ಬಿತ್ತು. ಹೊಡೆದವನು ತಪ್ಪಿತಸ್ಥ, ಅದರಲ್ಲಿ ಎರಡು ಮಾತಿಲ್ಲ. ಅವನ ಬಂಧನದಿಂದ ಮಾತ್ರ ಮಂಜಿನ ದಿನದ ಏರ್ಪಾಟು ಸುಧಾರಿಸುವುದಿಲ್ಲ.

ಸರ್ಕಾರದ ಅಪ್ಪಣೆಯನ್ನು ಹೊತ್ತು ತಿರುಗಿದ್ದಕ್ಕೂ ಈ ಜನ ಪೆಟ್ಟು ತಿಂದಿದ್ದಾರೆ. ಅಮೆರಿಕದಲ್ಲಿ 2021ರಲ್ಲಿ ವಿಮಾನದೊಳಗಿನ ಗಲಾಟೆಯ ದೂರುಗಳು ಆರು ಸಾವಿರದ ಹತ್ತಿರ ಹೋದವು. ಅವುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಾಸ್ಕಿಗೆ ಸಂಬಂಧಿಸಿದವು. ಮಾಸ್ಕ್ ಹಾಕಬೇಕೆಂದು ನಿಯಮ ಮಾಡಿದವರು ವಾಷಿಂಗ್ಟನ್‌ನಲ್ಲಿದ್ದರು. ಸೌತ್‌ವೆಸ್ಟ್ ಕಂಪನಿಯ ಗಗನಸಖಿಯೊಬ್ಬರು ಮಾಸ್ಕ್ ಸರಿಮಾಡಿಕೊಳ್ಳಿ, ಬೆಲ್ಟ್ ಕಟ್ಟಿಕೊಳ್ಳಿ ಎಂದದ್ದಕ್ಕೆ ಪ್ರಯಾಣಿಕಳೊಬ್ಬಳಿಂದ ಹೊಡೆತ ತಿಂದು ಹಲ್ಲು ಮುರಿಸಿಕೊಂಡರು. ಹೊಡೆದವಳಿಗೆ 15 ತಿಂಗಳ ಜೈಲಾಯಿತು.

ಹಿಂದಿನ ಸಾಲಿನ ಇಕ್ಕಟ್ಟು, ಮುಂದಿನ ಸಾಲಿನ ವೈಭವ ನೋಡಿ ಹೊಟ್ಟೆ ಉರಿದು ಜನ ರೇಗುತ್ತಾರೆ ಎಂದು ವಾದಿಸಿದ ಅಧ್ಯಯನವೊಂದು 2016ರಲ್ಲಿ ಹೆಸರಾಂತ ಅಮೆರಿಕನ್ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಕೇಳಲು ಚೆಂದದ ವಾದ. ಆದರೆ ಅದರ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞರು ಪ್ರಶ್ನಿಸಿದ್ದಾರೆ, ನನಗೂ ಪೂರ್ತಿ ನಂಬಿಕೆಯಿಲ್ಲ. ಏಕೆಂದರೆ ಜಗತ್ತಿನ ಅತ್ಯಂತ ಪ್ರಸಿದ್ಧ ವಿಮಾನ ಜಗಳ ನಡೆದದ್ದು ಮೊದಲ ದರ್ಜೆಯಲ್ಲಿ. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹೊರಡಲು ಸಿದ್ಧವಾಗಿದ್ದ ಕೊರಿಯನ್ ಏರ್ ವಿಮಾನದಲ್ಲಿ ಮಕಡೇಮಿಯ ಬೀಜಗಳನ್ನು ತಟ್ಟೆಗೆ ಹಾಕದೆ ಪೊಟ್ಟಣದಲ್ಲೇ ಕೊಟ್ಟರೆಂದು ಮಹಿಳೆಯೊಬ್ಬರು ಕೆಂಡಾಮಂಡಲವಾದರು. ಸಾಮಾನ್ಯರಾಗಿದ್ದರೆ ಅವರನ್ನೇ ಇಳಿಸುತ್ತಿದ್ದರು. ಆದರೆ ಅವರು ಚೋ ಹ್ಯುನ್-ಆ, ಕಂಪನಿಯ ಅಧ್ಯಕ್ಷರ ಮಗಳು, ಸ್ವತಃ ಉಪಾಧ್ಯಕ್ಷೆ. ವಿಮಾನವನ್ನೇ ಹಿಂದಕ್ಕೆ ತಿರುಗಿಸಿ ಸಿಬ್ಬಂದಿಯ ಮುಖ್ಯಸ್ಥನನ್ನು ಕೆಳಗಿಳಿಸಿದರು. ಕೊರಿಯಾ ದೇಶವೇ ನಾಚಿ ಕೆರಳಿತು, ಅವರು ಜೈಲಿಗೂ ಹೋಗಿಬಂದರು.

ನಮ್ಮ ಇಂದಿನ ನಿಯಮಗಳು ಹುಟ್ಟಿದ್ದೂ ದೊಡ್ಡ ಮನುಷ್ಯರೊಬ್ಬರಿಂದಲೇ. 2017ರ ಮಾರ್ಚ್‌ನಲ್ಲಿ ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್ ಪುಣೆಯಿಂದ ದೆಹಲಿಗೆ ಏರ್ ಇಂಡಿಯಾದಲ್ಲಿ ಬಂದರು. ಬಿಸಿನೆಸ್ ದರ್ಜೆಯೇ ಇಲ್ಲದ ವಿಮಾನದಲ್ಲಿ ತಮಗೆ ಆ ಸೀಟು ಸಿಗಲಿಲ್ಲವೆಂದು ತಕರಾರು ತೆಗೆದು, ಇಳಿಯಲೊಪ್ಪದೆ ಕೂತು, ಕೊನೆಗೆ ಕಂಪನಿಯ ಅಧಿಕಾರಿಯೊಬ್ಬರನ್ನು ಚಪ್ಪಲಿಯಿಂದ ಹೊಡೆದರು. ಹೊಡೆದೆ ಎಂದು ಕ್ಯಾಮೆರಾಗಳ ಮುಂದೆ ತಾವೇ ಹೇಳಿಕೊಂಡರು. ವಿಮಾನ ಕಂಪನಿಗಳು ಒಟ್ಟಾಗಿ ಅವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದವು. ಸಂಸದರು ರೈಲು ಹಿಡಿಯಬೇಕಾಯಿತು. ಸಚಿವರಿಗೆ ವಿಷಾದದ ಪತ್ರ ಬರೆದ ಮೇಲೆ ಏಪ್ರಿಲ್‌ನಲ್ಲಿ ಆ ನಿಷೇಧ ತೆರವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪುಂಡ ಪ್ರಯಾಣಿಕರಿಗೆ ಮೂರು ಹಂತದ ಶಿಕ್ಷೆ ಗೊತ್ತುಮಾಡಿತು. ಬಾಯಿಮಾತಿನ ಕಿರುಕುಳ, ಅಸಭ್ಯ ಸನ್ನೆ, ಕುಡಿದ ಅಮಲಿನ ವರ್ತನೆಗೆ ಮೂರು ತಿಂಗಳವರೆಗೆ ನಿಷೇಧ. ತಳ್ಳುವುದು, ಹೊಡೆಯುವುದು, ಕೆಟ್ಟದಾಗಿ ಮುಟ್ಟುವುದಕ್ಕೆ ಆರು ತಿಂಗಳವರೆಗೆ. ಜೀವಕ್ಕೆ ಅಪಾಯ ತರುವುದು, ಕಾಕ್‌ಪಿಟ್‌ಗೆ ನುಗ್ಗಲು ನೋಡುವುದಕ್ಕೆ ಕನಿಷ್ಠ ಎರಡು ವರ್ಷ. ಪೊಲೀಸ್ ಕೇಸು ಬೇರೆಯೇ ನಡೆಯುತ್ತದೆ.

ಕುಡುಕರ ಮಾತಿಗೆ ಬರುತ್ತೇನೆಂದಿದ್ದೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಅಲ್ಲಿ ಸಿಕ್ಕಿಬೀಳುವವರು ಕುಡಿದೇ ಹತ್ತಿದವರು ಅಥವಾ ಬಾಟಲಿ ಬಚ್ಚಿಟ್ಟು ತಂದವರು. ವಿದೇಶದ ಹಾದಿಯಲ್ಲಿ ಕಂಪನಿಯೇ ಸುರಿದುಕೊಡುತ್ತದೆ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಅಮಲಿನಲ್ಲಿದ್ದವನೊಬ್ಬ ವೃದ್ಧೆಯ ಮೇಲೆ ಮೂತ್ರ ಮಾಡಿದನೆಂಬ ದೂರು ವಾರಗಳ ನಂತರ ಬಯಲಾಗಿ, ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಕ್ಯಾಪ್ಟನ್‌ನ ಪರವಾನಗಿಯನ್ನು ಮೂರು ತಿಂಗಳು ಅಮಾನತು ಮಾಡಿತು. ಕುಡಿಸುವುದು ಎಲ್ಲಿ ನಿಲ್ಲಬೇಕೆಂದು ಅಳೆಯುವ ಹೊಣೆಯೂ ಕೊನೆಗೆ ಟ್ರಾಲಿ ಹಿಡಿದವರದೇ.

ಈ ನಿಯಮಗಳು ಬೇಕಿದ್ದವು, ತಡವಾಗಿ ಬಂದವು. ಆದರೂ ಅವುಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಪ್ರಯಾಣಿಕ ಪುಂಡನೋ ಅಲ್ಲವೋ ಎಂದು ಮೊದಲು ತೀರ್ಮಾನಿಸುವುದು ವಿಮಾನದ ಕ್ಯಾಪ್ಟನ್. ಆಮೇಲೆ ವಿಚಾರಣೆ ನಡೆಸುವ ಸಮಿತಿಯನ್ನು ರಚಿಸುವುದು ಅದೇ ಕಂಪನಿ. ಸಮಿತಿಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಬೇರೆ ಕಂಪನಿಯ ಒಬ್ಬರು, ಗ್ರಾಹಕರ ಪರವಾಗಿ ಒಬ್ಬರು ಇರುತ್ತಾರೆ ಎಂಬುದು ಸಮಾಧಾನ. 30 ದಿನದೊಳಗೆ ತೀರ್ಪು ಕೊಡಬೇಕು, ಅಲ್ಲಿಯವರೆಗೂ ಕಂಪನಿ ನಿಷೇಧ ಹೇರಬಹುದು. ತೀರ್ಪು ಒಪ್ಪದಿದ್ದರೆ 60 ದಿನದೊಳಗೆ ಮೇಲ್ಮನವಿ. 2020ರ ಜನವರಿಯಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಸಹಪ್ರಯಾಣಿಕರಾಗಿದ್ದ ಪತ್ರಕರ್ತ ಅರ್ನಬ್ ಗೋಸ್ವಾಮಿಯವರನ್ನು ಕೆಣಕಿ ಮಾತಾಡಿದ ಪ್ರಕರಣದಲ್ಲಿ ಇಂಡಿಗೊ ಆರು ತಿಂಗಳ ನಿಷೇಧ ಘೋಷಿಸಿತು, ಬೇರೆ ಕಂಪನಿಗಳೂ ಸಾಲುಹಿಡಿದವು. ಆ ವಿಮಾನದ ಕ್ಯಾಪ್ಟನ್ನೇ ನನ್ನನ್ನು ಕೇಳದೆ ಹೀಗೆ ಮಾಡಿದ್ದೀರಲ್ಲ ಎಂದು ಕಂಪನಿಗೆ ಪತ್ರ ಬರೆದರು. ಸಮಿತಿ ಕೊನೆಗೆ ನಿಷೇಧವನ್ನು ಮೂರು ತಿಂಗಳಿಗೆ ಇಳಿಸಿತು. ಬಾಯಿಮಾತಿನ ಕಿರುಕುಳ ಎಂಬುದು ಎಷ್ಟು ಬೇಕಾದರೂ ಹಿಗ್ಗುವ ಮಾತು. ನನ್ನ ಸೀಟು ಬೇರೆಯವರಿಗೆ ಯಾಕೆ ಕೊಟ್ಟಿರಿ ಎಂದು ಗಟ್ಟಿಯಾಗಿ ಕೇಳಿದವನೂ ಅದರೊಳಗೆ ಬೀಳಬಹುದು.

ಇನ್ನೊಂದು ಕಡೆ, ಹೊಡೆತಕ್ಕೆ ಮೊದಲು ಸಿಗುವವರ ಸಂಬಳದ ಕಥೆ. ಉತ್ತರ ಅಮೆರಿಕದ ಹಲವು ಕಂಪನಿಗಳಲ್ಲಿ ವಿಮಾನದ ಬಾಗಿಲು ಮುಚ್ಚುವವರೆಗೂ ಗಗನಸಖಿಯರ ಗಂಟೆಯ ಸಂಬಳ ಶುರುವಾಗುತ್ತಿರಲಿಲ್ಲ. ಅಂದರೆ ಬ್ಯಾಗ್ ಇಡಲು ಜಾಗವಿಲ್ಲ, ನನ್ನ ಸೀಟಿನಲ್ಲಿ ಯಾರೋ ಕೂತಿದ್ದಾರೆ ಎಂಬ ಅತಿ ಹೆಚ್ಚು ಜಗಳದ ಆ ಹೊತ್ತು ಬಿಟ್ಟಿ ಚಾಕರಿ. ಡೆಲ್ಟಾ 2022ರಲ್ಲಿ ಆ ಹೊತ್ತಿಗೆ ಅರ್ಧ ದರ ಕೊಡಲು ಒಪ್ಪಿತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು ಹತ್ತು ಸಾವಿರ ಸಿಬ್ಬಂದಿ ಇದೇ ಬೇಡಿಕೆಯನ್ನು ಮುಂದಿಟ್ಟು ಮುಷ್ಕರ ಹೂಡಿದರು. ಸರ್ಕಾರ ಕೆಲಸಕ್ಕೆ ಹೋಗಿ ಎಂದರೂ ಹೋಗದೆ ಕೂತರು.

ಕನ್ನಡಿಗರಿಗೆ ಹತ್ತಿರದ ಒಂದು ಪ್ರಸಂಗ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ವಿಜಯವಾಡದಿಂದ ಹೈದರಾಬಾದ್‌ಗೆ ಹೊರಟ ಇಂಡಿಗೊ ವಿಮಾನದಲ್ಲಿ ತುರ್ತು ಬಾಗಿಲ ಬಳಿ ಕೂತಿದ್ದ ಮಹಿಳೆಗೆ ತೆಲುಗು ಮಾತ್ರ ಬರುತ್ತಿತ್ತು. ಗಗನಸಖಿ ಸುರಕ್ಷತೆಯ ಕಾರಣ ಕೊಟ್ಟು ಅವರನ್ನು ಬೇರೆ ಸೀಟಿಗೆ ಕಳಿಸಿದರು. ಆಗ ತೆಲಂಗಾಣದಲ್ಲಿ ಸಚಿವರಾಗಿದ್ದ ಕೆ.ಟಿ. ರಾಮರಾವ್ ಇದನ್ನು ಎತ್ತಿ ಆಡಿ, ಆಯಾ ಪ್ರದೇಶದ ಭಾಷೆ ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕಂಪನಿಗೆ ಹೇಳಿದರು. ತುರ್ತು ಬಾಗಿಲ ಬಳಿ ಕೂತವರಿಗೆ ಸಿಬ್ಬಂದಿಯ ಮಾತು ಅರ್ಥವಾಗಲೇಬೇಕು ಎಂಬ ನಿಯಮ ಸರಿಯಾದದ್ದು. ಬಾಗಿಲು ತೆರೆಯಿರಿ ಎಂದಾಗ ಏನೆಂದರು ಎಂದು ಪಕ್ಕದವರನ್ನು ಕೇಳುತ್ತ ಕೂರುವಂತಿಲ್ಲ. ಎರಡು ತೆಲುಗು ಊರುಗಳ ನಡುವೆ ಹಾರುವ ವಿಮಾನದಲ್ಲಿ ತೆಲುಗು ಬಾರದವರನ್ನೇ ಡ್ಯೂಟಿಗೆ ಹಾಕಿದ್ದು ತಪ್ಪು. ಆ ತಪ್ಪಿನ ದಂಡ ತೆತ್ತದ್ದು ಮಾತ್ರ ಸೀಟು ಬಿಟ್ಟೆದ್ದ ಮಹಿಳೆ, ಜಾಲತಾಣಗಳಲ್ಲಿ ಬೈಸಿಕೊಂಡ ಗಗನಸಖಿ.

ಕಲಬುರಗಿಯಲ್ಲಿ 2019ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನಗಳು ಇಳಿಯತೊಡಗಿದವು. ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವವರು, ಕನ್ನಡವೊಂದೇ ಬಲ್ಲವರು ಇಂಥ ಹಾದಿಗಳಲ್ಲಿ ಹೆಚ್ಚಾಗಿ ಸಿಗುತ್ತಾರೆ. ಇಂಥ ಊರುಗಳಿಗೆ ಹಾರುವ ಇಂಡಿಗೊದ 78 ಸೀಟಿನ ಎಟಿಆರ್ ವಿಮಾನದಲ್ಲಿ ಇಬ್ಬರೇ ಕ್ಯಾಬಿನ್ ಸಿಬ್ಬಂದಿ. ಅವರಲ್ಲಿ ಒಬ್ಬರಿಗಾದರೂ ಕನ್ನಡ ಬರಲಿ ಎಂದು ನಾವು ಕೇಳುವುದು ಭಾಷಾಭಿಮಾನಕ್ಕಿಂತ ಹೆಚ್ಚಾಗಿ ಆ 90 ಸೆಕೆಂಡುಗಳಿಗಾಗಿ. ಹಾಗೆ ಕೇಳಬೇಕಾದದ್ದು ಬಾಗಿಲಲ್ಲಿ ಕೈಮುಗಿದು ನಿಂತ ಆ ಇಬ್ಬರು ಹುಡುಗಿಯರನ್ನಲ್ಲ, ಯಾರು ಯಾವ ಊರಿಗೆ ಎಂದು ಪಟ್ಟಿ ಹಾಕುವ ಕಂಪನಿಯ ಗುರುಗ್ರಾಮದ ಕಚೇರಿಯನ್ನು.